ರಾತ್ರಿ ಪಾಳಿಯಲ್ಲಿ ಯಾರಿರ್ತಾರೆ?

ಹೋದ ಏಪ್ರಿಲ್‌ನಲ್ಲಿ ನಮ್ಮ ಚಿಗವ್ವನ ಜೊತೆ ಒಂದು ವಸತಿ ಕೇಂದ್ರ ನೋಡಲು ಹೋಗಿದ್ದೆ. ಕಲಬುರಗಿಯ ರಿಂಗ್ ರೋಡ್ ದಾಟಿ ಸ್ವಲ್ಪ ದೂರ. ಚಿಗವ್ವನ ಮಗನಿಗೆ ಈಗ 31 ವರ್ಷ. ಬೌದ್ಧಿಕ ಅಂಗವೈಕಲ್ಯ ಅಂತ ಅವನ ಕಾರ್ಡಿನಲ್ಲಿದೆ. ಓದು ಬರಹ ಹತ್ತಲಿಲ್ಲ, ದುಡ್ಡಿನ ಲೆಕ್ಕ ತಿಳಿಯುವುದಿಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಆಳಂದದ ಬಸ್ ಎಲ್ಲಿ ನಿಲ್ಲುತ್ತದೆ, ಜೇವರ್ಗಿಯದು ಎಲ್ಲಿ ಅನ್ನೋದು ಬಾಯಿಪಾಠ. ಚಿಗವ್ವನಿಗೆ ಅರವತ್ತು ದಾಟಿದೆ, ಮೊಣಕಾಲು ಹಿಡಿದುಕೊಂಡಿವೆ. "ನಾ ಹ್ವಾದ ಮ್ಯಾಲ ಇವನ್ನ ಯಾರ್ ನೋಡ್ತಾರ?" ಅನ್ನೋ ಮಾತು ದಿನಕ್ಕೊಮ್ಮೆಯಾದರೂ ಅವಳ ಬಾಯಲ್ಲಿ ಬರುತ್ತದೆ.

ಕೇಂದ್ರದ ಆಫೀಸಿನ ಗೋಡೆ ತುಂಬ ಫ್ರೇಮುಗಳು. ನೋಂದಣಿ ಪತ್ರ, ತೆರಿಗೆ ವಿನಾಯಿತಿ ಪತ್ರ, ಗಣ್ಯರ ಜೊತೆಗಿನ ಫೋಟೊಗಳು. ಆಗಷ್ಟೇ ನೆಲ ಒರೆಸಿದ ಫಿನಾಯಿಲ್ ವಾಸನೆ. ಎಲ್ಲ ನೋಡಿ ಮುಗಿದ ಮೇಲೆ ಚಿಗವ್ವ ಕೇಳಿದ್ದು ಒಂದೇ ಪ್ರಶ್ನೆ.

"ರಾತ್ರಿ ಯಾರ್ ಇರ್ತಾರ್ರೀ?"

"ಒಬ್ಬಾಕಿ ಆಯಾ ಇರ್ತಾಳವ್ವಾ. ಗೇಟಿಗಿ ಕೀಲಿ ಹಾಕಿರ್ತೀವಿ, ಏನ್ ಚಿಂತಿ ಮಾಡಬ್ಯಾಡ್ರಿ."

ಅಲ್ಲಿದ್ದವರು 22 ಮಂದಿ. ಅವರಿಗೆ ಒಬ್ಬಳು ಆಯಾ, ಒಂದು ಕೀಲಿ. ಆಯಾ ಇತ್ತೀಚಿನವಳು. ಕೀಲಿಗೆ ಮಾತ್ರ ನೂರು ವರ್ಷಕ್ಕೂ ಹಳೆಯ ಚರಿತ್ರೆ ಇದೆ.

ಬ್ರಿಟಿಷರು 1912ರಲ್ಲಿ ಇಂಡಿಯನ್ ಲೂನಸಿ ಆಕ್ಟ್ ಮಾಡಿದರು. ಅದರಲ್ಲಿ 'ಹುಚ್ಚ' ಎಂದರೆ ಯಾರು ಅಂತ ಹೇಳುವಾಗ, ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಮ್ಮಿ ಇದ್ದವರನ್ನೂ ಅದೇ ಬುಟ್ಟಿಗೆ ಹಾಕಿಬಿಟ್ಟರು. ಇವೆರಡೂ ಬೇರೆ ಬೇರೆ. ಮಾನಸಿಕ ಕಾಯಿಲೆ ಚೆನ್ನಾಗಿದ್ದವರಿಗೂ ಬರುತ್ತದೆ, ಔಷಧಿಗೆ ಇಳಿಯುತ್ತದೆ. ಬೌದ್ಧಿಕ ಅಂಗವೈಕಲ್ಯ ಕಾಯಿಲೆಯೇ ಅಲ್ಲ. ಕಲಿಯುವುದು ನಿಧಾನ, ಕೆಲವು ಕೆಲಸಕ್ಕೆ ಜನ್ಮಪೂರ್ತಿ ಇನ್ನೊಬ್ಬರ ಕೈ ಬೇಕು, ಅಷ್ಟೇ. ಕಾಯ್ದೆಗೆ ಈ ವ್ಯತ್ಯಾಸ ಬೇಕಿರಲಿಲ್ಲ. ಊರಿಗೆ ತೊಂದರೆ ಆಗಬಾರದು, ಒಳಗಿಟ್ಟು ಬೀಗ ಹಾಕಿದರೆ ಸಾಕಿತ್ತು.

ಆಗ ಕಲಬುರಗಿ, ಬೀದರ್ ಎಲ್ಲ ನಿಜಾಮರ ಸೀಮೆ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದಾದರೂ ಅದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ನಮ್ಮವರಿಗೆ ದೊಡ್ಡ ಆಸ್ಪತ್ರೆ ಅಂದರೆ ಹೈದರಾಬಾದ್. ಬಹಳ ಮನೆಗಳಲ್ಲಿ ಆಸ್ಪತ್ರೆಯ ಮಾತೇ ಬರುತ್ತಿರಲಿಲ್ಲ. ಹುಣ್ಣಿಮೆ ಅಮಾವಾಸ್ಯೆಗೆ ಗಾಣಗಾಪುರ, ಇಲ್ಲದಿದ್ದರೆ ದರ್ಗಾ, ತಾಯಿತ, ಹರಕೆ. ಫಲ ಸಿಗದಿದ್ದರೆ ಮನೆಯ ಹಿಂದಿನ ಕೋಣೆ. ಒಂದು ಮಾತು ಒಪ್ಪಬೇಕು: ಹಳ್ಳಿಯಲ್ಲಿ ಇಂಥವರು ದನ ಕಾಯ್ದುಕೊಂಡು, ನೀರು ಹೊತ್ತುಕೊಂಡು, ಎಲ್ಲರ ಕಣ್ಣೆದುರೇ ಬದುಕಿದ್ದೂ ಉಂಟು. ಬೈದವರಿದ್ದರು, ರೊಟ್ಟಿ ಕೊಟ್ಟವರೂ ಇದ್ದರು.

1984ರಲ್ಲಿ ಸಿಕಂದರಾಬಾದಿನಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆ ಶುರುವಾಯಿತು. ಬೌದ್ಧಿಕ ಅಂಗವೈಕಲ್ಯಕ್ಕೆ ಆಗ ಬುದ್ಧಿಮಾಂದ್ಯತೆ ಅಂತಲೇ ಹೆಸರು. ಈಗ ಸಂಸ್ಥೆಯ ಹೆಸರು ಬದಲಾಗಿದೆ. ಬೀದರ್, ಕಲಬುರಗಿಯವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಚಿಗವ್ವನೂ ಮಗನನ್ನು ಎತ್ತಿಕೊಂಡು ರೈಲಿನಲ್ಲಿ ಮೊದಲು ಹೋಗಿದ್ದು ಅಲ್ಲಿಗೇ. "ಇದು ಹುಚ್ಚಲ್ಲ, ಕಲಿಸಿದರೆ ಕಲಿಯುತ್ತಾನೆ" ಅಂತ ಯಾರೋ ಮೊದಲ ಸಲ ಹೇಳಿದ್ದೂ ಅಲ್ಲೇ ಅಂತೆ.

ಕಾಯ್ದೆಗೆ ಈ ಮಾತು ಗೊತ್ತಾಗಿದ್ದು 1987ರಲ್ಲಿ. ಮೆಂಟಲ್ ಹೆಲ್ತ್ ಆಕ್ಟ್ ಹಳೆಯ ಲೂನಸಿ ಆಕ್ಟನ್ನು ತೆಗೆದುಹಾಕಿತು, ಬುದ್ಧಿಮಾಂದ್ಯತೆ ಮಾನಸಿಕ ಕಾಯಿಲೆ ಅಲ್ಲ ಅಂತ ಹೊರಗಿಟ್ಟಿತು. ಒಳ್ಳೆಯದೇ ಆಯಿತು. ಆದರೆ ಹೊರಗೆ ತಂದವರನ್ನು ಎಲ್ಲಿ ಕೂರಿಸಬೇಕು ಅಂತ ಯೋಚಿಸಿರಲಿಲ್ಲ. ಆ ಹೊತ್ತಿಗೆ ಇಂಥವರನ್ನು ಇಟ್ಟುಕೊಳ್ಳುವ ವಸತಿ ಶಾಲೆಗಳು ಅಲ್ಲಲ್ಲಿ ಎದ್ದಿದ್ದವು. ಅವುಗಳ ಒಳಗೆ ಏನು ನಡೆಯುತ್ತದೆ ಅಂತ ಇಣುಕುವವರು ಕಮ್ಮಿ.

ಏನು ನಡೆಯಬಹುದು ಅನ್ನೋದು 1994ರ ಫೆಬ್ರವರಿಯಲ್ಲಿ ಗೊತ್ತಾಯಿತು. ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ವಸತಿ ಶಾಲೆಯಲ್ಲಿದ್ದ ಹಲವು ಹೆಣ್ಣುಮಕ್ಕಳನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗರ್ಭಕೋಶ ತೆಗೆಸಿದರು. ಮುಟ್ಟಿನ ದಿನಗಳಲ್ಲಿ ಅವರಿಗೆ ತಮ್ಮ ಸ್ವಚ್ಛತೆ ನೋಡಿಕೊಳ್ಳಲು ಬರುವುದಿಲ್ಲ ಅನ್ನೋದು ಕಾರಣ. ಮಹಿಳಾ ಸಂಘಟನೆಗಳು ಗಲಾಟೆ ಮಾಡಿದ ಮೇಲೆ ಸರ್ಕಾರ ಅದನ್ನು ನಿಲ್ಲಿಸಿತು. ಪ್ಯಾಡ್ ಬದಲಿಸಲು ಒಬ್ಬ ಹೆಂಗಸನ್ನು ಕೆಲಸಕ್ಕಿಡುವುದಕ್ಕಿಂತ ಆಪರೇಶನ್ ಸುಲಭ ಅನ್ನಿಸಿತ್ತು! ನೋಡಿಕೊಳ್ಳುವವರ ಅನುಕೂಲವೇ ಒಳಗಿರುವವರ ಆರೈಕೆ ಅನ್ನಿಸಿಕೊಳ್ಳುವ ಈ ರೋಗ ಇವತ್ತಿಗೂ ಬಿಟ್ಟಿಲ್ಲ.

ಮುಂದಿನ ವರ್ಷ, 1995ರಲ್ಲಿ, ಅಂಗವಿಕಲರ ಕಾಯ್ದೆ ಬಂತು. ಇಂಥ ಸಂಸ್ಥೆ ನಡೆಸಲು ನೋಂದಣಿ ಕಡ್ಡಾಯವಾಯಿತು. 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇದ್ದವರಿಗಾಗಿಯೇ ಮಾಡಿದ್ದು. ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವೈಕಲ್ಯ ಇರುವ ಒಬ್ಬರು. 18 ತುಂಬಿದವರಿಗೆ ಪೋಷಕರನ್ನು, ಅಂದರೆ ಕಾನೂನಿನ ಪ್ರಕಾರ ಗಾರ್ಡಿಯನ್ ಆಗುವವರನ್ನು, ನೇಮಿಸುವುದು ಈ ಸಮಿತಿ. ಪೋಷಕರೇ ಹಿಂಸೆ ಕೊಟ್ಟರೆ, ಆಸ್ತಿ ನುಂಗಿದರೆ ತೆಗೆದುಹಾಕಲೂ ಬರುತ್ತದೆ. ಚಿಗವ್ವನ ಪ್ರಶ್ನೆಗೆ ದೇಶದ ಕಾಯ್ದೆಯೊಂದು ಮೊದಲ ಸಲ ಕಿವಿಗೊಟ್ಟಿದ್ದು ಇಲ್ಲಿ ಅಂತ ನನ್ನ ಎಣಿಕೆ.

2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾದ ಊರಿನ ಖಾಸಗಿ ಆಶ್ರಯದಲ್ಲಿ ಸರಪಳಿ ಹಾಕಿ ಕಟ್ಟಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. ಅವರನ್ನು ಅಲ್ಲಿಟ್ಟಿದ್ದು ಮಾನಸಿಕ ಕಾಯಿಲೆಗೆ. ಹದಿನಾರು ವರ್ಷ ಬಿಟ್ಟು, 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿತು. ಸೋಜಿಗ ಏನೆಂದರೆ, ಆ ಕಾಯ್ದೆಯಿಂದಲೂ ಬುದ್ಧಿಮಾಂದ್ಯತೆ ಹೊರಗಿದೆ. ಅವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆಯಲ್ಲ ಅಂತೀರಿ. ಇದೆ. ಅದರಲ್ಲಿ ಕ್ರೂರವಾಗಿ ನಡೆಸಿಕೊಳ್ಳಬಾರದು ಅಂತಿದೆ, ಸರಪಳಿಯ ಹೆಸರೆತ್ತಿ ಹೇಳಿಲ್ಲ.

ಇನ್ನೊಂದು ಚಂಡೀಗಢದ್ದು. ಸರ್ಕಾರಿ ಆಶ್ರಯದಲ್ಲೇ ಇದ್ದ, ಸ್ವಲ್ಪ ಮಟ್ಟಿನ ಬುದ್ಧಿಮಾಂದ್ಯತೆಯ ಒಬ್ಬ ಯುವತಿಯ ಮೇಲೆ ಅತ್ಯಾಚಾರವಾಗಿ ಆಕೆ ಗರ್ಭಿಣಿಯಾದಳು. ಗರ್ಭ ತೆಗೆಸಬೇಕು ಅಂತ ಆಡಳಿತ ಕೋರ್ಟಿಗೆ ಹೋಯಿತು, ಹೈಕೋರ್ಟ್ ಒಪ್ಪಿತು. ಆಕೆಗೆ ಮಗು ಬೇಕಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ಮಾತಿಗೆ ಬೆಲೆ ಕೊಟ್ಟಿತು. ತೀರ್ಪನ್ನು ಎಲ್ಲರೂ ಹೊಗಳುತ್ತಾರೆ. ಅತ್ಯಾಚಾರ ನಡೆದದ್ದು ಕೀಲಿ ಹಾಕಿದ ಗೇಟಿನ ಒಳಗೆ ಅನ್ನೋದನ್ನು ಮಾತ್ರ ಮರೆಯುತ್ತೇವೆ.

ಈಗ ಜಾರಿಯಲ್ಲಿರುವ 2016ರ ಕಾಯ್ದೆ ಕಾಗದದ ಮೇಲೆ ಗಟ್ಟಿಯಾಗಿದೆ. ನೋಂದಣಿ ಇಲ್ಲದೆ ಯಾರೂ ಸಂಸ್ಥೆ ನಡೆಸುವಂತಿಲ್ಲ. ಹಿಂಸೆ ನಡೆಯುತ್ತಿದೆ ಅಂತ ಗೊತ್ತಾದ ಯಾರು ಬೇಕಾದರೂ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರಿಗೆ, ಅಂದರೆ ತಹಶೀಲ್ದಾರರಿಗೋ ಎಸಿಗೋ, ತಿಳಿಸಬಹುದು. ತನ್ನ ಸುಪರ್ದಿನಲ್ಲಿರುವವರಿಗೆ ಬೇಕಂತಲೇ ಅನ್ನ ನೀರು ಕೊಡದಿದ್ದರೆ ಆರು ತಿಂಗಳಿಂದ ಐದು ವರ್ಷದ ತನಕ ಜೈಲು. ನಮ್ಮ ಕಡೆ ಇದು ಎಷ್ಟು ಮಂದಿ ತಂದೆ ತಾಯಿಗೆ ಗೊತ್ತಿದೆ? ಚಿಗವ್ವನಿಗೆ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ಆದರೆ ಕೊಲ್ಲುವುದು ಯಾವಾಗಲೂ ಹೊಡೆತವೇ ಅಲ್ಲ. ಇದನ್ನು ಬಿಡಿಸಿ ಹೇಳಬೇಕು. ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಬ್ಬರಿಗೆ ಫಿಟ್ಸ್ ಇರುತ್ತದೆ. ಐದು ನಿಮಿಷ ದಾಟಿದ ಫಿಟ್ಸ್ ಅಂದರೆ ಜೀವಕ್ಕೆ ಅಪಾಯ. ಅದು ರಾತ್ರಿ ಎರಡಕ್ಕೆ ಬಂದರೆ, ಆಯಾ ಬೇರೆ ಕೋಣೆಯಲ್ಲಿ ಮಲಗಿದ್ದರೆ, ಗೇಟಿನ ಕೀಲಿ ಮ್ಯಾನೇಜರ್ ಮನೆಯಲ್ಲಿದ್ದರೆ? ನುಂಗುವ ತೊಂದರೆ ಇನ್ನೊಂದು. ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಕೂರಿಸಿ, ನಿಧಾನವಾಗಿ ತಿನ್ನಿಸಬೇಕು. ಒಬ್ಬಳೇ ಇಪ್ಪತ್ತು ಮಂದಿಗೆ ಬಡಿಸುವಾಗ ನಿಧಾನಕ್ಕೆ ಪುರುಸೊತ್ತೆಲ್ಲಿ? ಗಂಟಲಿಗೆ ಸಿಕ್ಕರೆ ಉಸಿರು ಕಟ್ಟುತ್ತದೆ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಹಲ್ಲುನೋವು ಅಂತ ಹೇಳಲು ಬಾರದವನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಅವನಿಗೆ ಹಲ್ಲಿನ ಡಾಕ್ಟರ್ ಬೇಕು. ಸಿಗುವುದು ಸುಮ್ಮನೆ ಮಲಗಿಸುವ ಮಾತ್ರೆ. ಇಂಥ ಕೆಲವು ಮಾತ್ರೆಗಳು ಮೈ ಬೆವರಿ ತಂಪಾಗುವುದನ್ನೇ ಕೆಡಿಸುತ್ತವೆ. ನಮ್ಮ ಮೇ ತಿಂಗಳು ಗೊತ್ತಲ್ಲ, 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬಾಯಾರಿಕೆ ಅಂತ ಹೇಳಲಾಗದವನಿಗೆ ತಗಡಿನ ಶೆಡ್ಡಿನಲ್ಲಿ ಗಂಟೆಗೊಮ್ಮೆ ನೀರು ಕುಡಿಸುವವರು ಬೇಕು. ರ‍್ಯಾಂಪ್ ಇದೆಯಾ, ಶೌಚಾಲಯ ಎಷ್ಟು ಅನ್ನೋದನ್ನು ಇನ್ಸ್‌ಪೆಕ್ಷನ್‌ಗೆ ಬಂದವರು ಹತ್ತು ನಿಮಿಷದಲ್ಲಿ ಎಣಿಸಬಹುದು. ನೀರು ಕುಡಿಸಿದರಾ ಅನ್ನೋದು ಹಾಗೆ ಎಣಿಕೆಗೆ ಸಿಗುವುದಿಲ್ಲ.

2024ರ ಜುಲೈನಲ್ಲಿ ದೆಹಲಿಯ ರೋಹಿಣಿಯ ಆಶಾ ಕಿರಣ್‌ನಲ್ಲಿ 14 ಮಂದಿ ಸತ್ತರು. ಅದು ಸರ್ಕಾರವೇ ನಡೆಸುವ ಕೇಂದ್ರ. ಹಾಸಿಗೆಗಿಂತ ಎಷ್ಟೋ ಜಾಸ್ತಿ ಜನ ತುಂಬಿದ್ದರು. ದೆಹಲಿ ಹೈಕೋರ್ಟ್ ನೀರಿನ ಪರೀಕ್ಷೆ ಮಾಡಿಸಿ ಅಂತ ಹೇಳಬೇಕಾಯಿತು.

ದುಡ್ಡಿದ್ದರೆ ಹೀಗಾಗುತ್ತಿರಲಿಲ್ಲ ಅಂದುಕೊಳ್ಳುವುದು ಸುಲಭ. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ವಿಂಟರ್‌ಬೋರ್ನ್ ವ್ಯೂ ಅಂತ ಇಂಥವರಿಗಾಗಿಯೇ 24 ಹಾಸಿಗೆಯ ಖಾಸಗಿ ಆಸ್ಪತ್ರೆ ಇತ್ತು. ಒಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್. ನೋಂದಣಿ ಇತ್ತು, ಮೇಲೆ ನೋಡಿಕೊಳ್ಳಲು ದೊಡ್ಡ ಸಂಸ್ಥೆಯೂ ಇತ್ತು. ಅಲ್ಲೇ ಕೆಲಸ ಮಾಡಿದ್ದ ನರ್ಸ್ ಒಬ್ಬರು ದೂರು ಕೊಟ್ಟರೂ ಆ ಸಂಸ್ಥೆ ಕಿವಿಗೆ ಹಾಕಿಕೊಳ್ಳಲಿಲ್ಲ. 2011ರಲ್ಲಿ ಬಿಬಿಸಿ ವರದಿಗಾರ ಕೆಲಸದವನಾಗಿ ಸೇರಿ ಗುಟ್ಟಾಗಿ ಚಿತ್ರೀಕರಿಸಿದ ಮೇಲೆಯೇ ಹೊಡೆತ, ಹಿಂಸೆ ಹೊರಬಂತು. 11 ಸಿಬ್ಬಂದಿ ತಪ್ಪೊಪ್ಪಿಕೊಂಡರು, ಆರು ಮಂದಿ ಜೈಲಿಗೆ ಹೋದರು.

ಹಾಗಾಗಿ ಕೇಂದ್ರದ ವಿಸಿಟರ್ಸ್ ಬುಕ್ ಗೋಡೆಯ ಫ್ರೇಮಿಗಿಂತ ಜಾಸ್ತಿ ಹೇಳುತ್ತದೆ ಅನ್ನೋದು ನನ್ನ ನಂಬಿಕೆ. ತಂದೆ ತಾಯಿ, ಪಕ್ಕದ ಮನೆಯವರು, ಕಾಲೇಜು ಹುಡುಗರು ಹೇಳದೆ ಕೇಳದೆ ಬಂದುಹೋಗುವ ಕಡೆ ಕೈ ಎತ್ತುವವನು ಒಮ್ಮೆ ಯೋಚಿಸುತ್ತಾನೆ. ನಾವು ಹೋದ ಕಡೆ ಆ ಪುಸ್ತಕದ ಕೊನೆಯ ಸಹಿ ನಾಲ್ಕು ತಿಂಗಳ ಹಿಂದಿನದು. ಯಾರದೋ ಹುಟ್ಟುಹಬ್ಬ, ಊಟ ಹಾಕಿಸಿದ್ದರು.

ನಮ್ಮ ಸೀಮೆಯ ತೊಡಕು ಬೇರೆಯೇ ಇದೆ. ಕಲಬುರಗಿಯಲ್ಲಿ ಅಂಧ ಮಕ್ಕಳಿಗೆ, ಕಿವುಡ ಮಕ್ಕಳಿಗೆ ಸರ್ಕಾರಿ ವಸತಿ ಶಾಲೆಗಳಿವೆ. ಬೌದ್ಧಿಕ ಅಂಗವೈಕಲ್ಯದ ಮಟ್ಟಿಗೆ ರಾಜ್ಯ ಸರ್ಕಾರ ಹೆಚ್ಚಾಗಿ ಅನುದಾನ ಕೊಟ್ಟು ಸ್ವಯಂಸೇವಾ ಸಂಸ್ಥೆಗಳ ಕೈಗೆ ಬಿಟ್ಟಿದೆ. ಶಿಶುಕೇಂದ್ರಿತ ಸಹಾಯಧನ ಅಂತ ಒಂದಿದೆ, ಹೆಸರಲ್ಲೇ ಶಿಶು. 18 ತುಂಬುವ ತನಕ ಬಾಲನ್ಯಾಯ ಕಾಯ್ದೆ, ಮಕ್ಕಳ ಕಲ್ಯಾಣ ಸಮಿತಿ ಎಲ್ಲ ಇವೆ. ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಹೆಂಗಸರಿಗೆ 'ಮಾನಸ' ಅನ್ನೋ ವಸತಿ ಕೇಂದ್ರಗಳಾದರೂ ಇವೆ, ಗಂಡಸರಿಗೆ ಅದೂ ಕಷ್ಟ. ಮೂವತ್ತು ದಾಟಿದವನನ್ನೂ 'ದೇವರ ಮಗು' ಅಂತ ಕರೆಯುವುದು ಪ್ರೀತಿಯಿಂದಲೇ ಇರಬಹುದು. ಆದರೆ ದೇವರ ಮಗುವಿಗೆ ಕೆಲಸ ಬೇಕು, ತನ್ನದೇ ಬೀರು ಬೇಕು, ಸಂಜೆ ಹೊರಗೆ ಹೋಗಬೇಕು ಅನ್ನೋದು ಹಾಗೆ ಕರೆಯುವವರಿಗೆ ಹೊಳೆಯುವುದಿಲ್ಲ. 2007ರಲ್ಲಿ ಭಾರತ ಒಪ್ಪಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ ಹೇಳುವುದೂ ಇದನ್ನೇ: ಎಲ್ಲಿ, ಯಾರ ಜೊತೆ ಬದುಕಬೇಕು ಅನ್ನೋದು ಅವರ ಆಯ್ಕೆ.

ಅವತ್ತು ಹೊರಡುವಾಗ ಚಿಗವ್ವ ಮ್ಯಾನೇಜರಿಗೆ ಕೇಳಿದಳು, "ಒಂದಿನ ರಾತ್ರಿ ಹತ್ತಕ್ಕ ಬಂದು ನೋಡಲ್ರೀ ತಮ್ಮಾ?" ಸಂಜೆ ಐದರ ಮೇಲೆ ಯಾರನ್ನೂ ಬಿಡುವುದಿಲ್ಲ, ರೂಲ್ಸ್ ಅಂದರು. ಅವಳು ಮತ್ತೇನೂ ಮಾತಾಡಲಿಲ್ಲ. ಮಗನ ಬಟ್ಟೆಯ ಚೀಲ ನನ್ನ ಕೈಗೆ ಕೊಟ್ಟಳು. ಈಗ ಪೋಷಕತ್ವಕ್ಕೆ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿದ್ದಾಳೆ, ತನ್ನ ಹೆಸರಿನ ಜೊತೆ ಮಗಳ ಹೆಸರನ್ನೂ ಬರೆಸಿ. ಮಗಳು ಒಪ್ಪಿದ್ದಾಳೆ, ಅಳಿಯ ಇನ್ನೂ ಏನೂ ಹೇಳಿಲ್ಲ.