ಒಬ್ಬರ ಹೆಸರಿನ ಫಾರ್ಮ್ ನಂಬರ್ 7, ಹಲವರ ಹಿಸ್ಸೆ

ಕುಮಟಾ, ಅಂಕೋಲಾ, ಹೊನ್ನಾವರದ ಸಿವಿಲ್ ನ್ಯಾಯಾಲಯಗಳಿಗೆ ಬರುವ ಪಾಲಿನ ದಾವೆಗಳಲ್ಲಿ ಒಂದು ಬಗೆ ಮತ್ತೆ ಮತ್ತೆ ಕಾಣಿಸುತ್ತದೆ. ಗಜನಿ ಗದ್ದೆಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ) ದುಡಿದವರು ತಂದೆ ಮತ್ತು ಮಕ್ಕಳೆಲ್ಲರೂ. ಪಹಣಿಯಲ್ಲಿರುವುದು ಹಿರಿಯಣ್ಣನ ಹೆಸರೊಂದೇ. ‘ಟ್ರಿಬ್ಯುನಲ್ (ಭೂ ನ್ಯಾಯಮಂಡಳಿ) ನಮ್ಮ ಅಪ್ಪನಿಗೆ ಕೊಟ್ಟ ಜಮೀನು’ ಎಂದು ಅಣ್ಣನ ಮಕ್ಕಳು ವಾದಿಸಿದರೆ, ‘ಗೇಣಿ ಮನೆತನದ್ದು’ ಎಂದು ಚಿಕ್ಕಪ್ಪಂದಿರು ಹೇಳುತ್ತಾರೆ. ಜಗಳದ ಬೇರು 1974ರಲ್ಲಿದೆ. ಅದರ ಇಂದಿನ ರೂಪವನ್ನು ಮಾತ್ರ ಕಾಯಿದೆಗಿಂತ ಹೆಚ್ಚಾಗಿ ತೀರ್ಪುಗಳೇ ನಿರ್ಧರಿಸಿವೆ.

ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವನು ಫಾರ್ಮ್ ನಂಬರ್ 7ರಲ್ಲಿ ಟ್ರಿಬ್ಯುನಲ್‌ಗೆ ಅರ್ಜಿ ಹಾಕಿ ಅಧಿಭೋಗದಾರಿಕೆ, ಅಂದರೆ ಆ ಜಮೀನಿನ ಹಕ್ಕು, ಪಡೆಯಬೇಕಾಯಿತು. ಅರ್ಜಿಯ ಗಡುವು 1979ರ ಜೂನ್ 30ರವರೆಗೂ ಬೆಳೆಯಿತು. ಕರಾವಳಿಯ ಒಕ್ಕಲು ಮನೆಗಳಲ್ಲಿ ಒಡೆಯರ ಎದುರು ನಿಂತು ಮಾತನಾಡಬಲ್ಲವನು, ಸಾಮಾನ್ಯವಾಗಿ ಹಿರಿಯ ಮಗ, ಅರ್ಜಿಗೆ ಸಹಿ ಹಾಕಿದ. ತಮ್ಮಂದಿರ ಹೆಸರನ್ನೂ ಬರೆಸಬೇಕೆಂದು ಆಗ ಯಾರಿಗೂ ತೋಚಲಿಲ್ಲ. ಒಂದೇ ಒಲೆಯ ಮನೆಯಲ್ಲಿ ತೋಚುವ ಕಾರಣವೂ ಇರಲಿಲ್ಲ. ಹೇಳಿಕೊಡಲು ವಕೀಲರೂ ಇರಲಿಲ್ಲ: ಟ್ರಿಬ್ಯುನಲ್ ಮುಂದೆ ಅವರು ಹಾಜರಾಗುವಂತಿಲ್ಲ ಎಂದು ಕಾಯಿದೆಯೇ ಹೇಳಿತ್ತು. ಆ ನಿರ್ಬಂಧ ವಕೀಲರನ್ನು ತಡೆಯದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1987ರಲ್ಲಿ.

ಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡುವಂತಿರಲಿಲ್ಲವಾದ್ದರಿಂದ ತಕರಾರು ಬಹುಕಾಲ ಒಳಗೇ ಉಳಿಯಿತು. ಕೊಂಕಣ ರೈಲ್ವೆಗೆ, ಆಮೇಲೆ ಹೆದ್ದಾರಿ ಅಗಲೀಕರಣಕ್ಕೆ ಭೂಸ್ವಾಧೀನವಾದಾಗ ಪರಿಹಾರದ ನೋಟಿಸು ಪಹಣಿಯಲ್ಲಿದ್ದವರ ಹೆಸರಿಗೆ ಬರುವುದು ಸಹಜ. ಹಿಸ್ಸೆಯ ಪ್ರಶ್ನೆ ಏಳುವುದು ಅಲ್ಲಿಯೇ.

ಇದನ್ನು ತೀರ್ಮಾನಿಸಬೇಕಾದವರು ಯಾರು ಎಂಬುದೇ ಮೊದಲ ತೊಡಕಾಯಿತು. ಗೇಣಿದಾರನಾಗಿದ್ದುದು ವ್ಯಕ್ತಿಯೋ ಅವಿಭಕ್ತ ಕುಟುಂಬವೋ ಎಂಬುದನ್ನು ಟ್ರಿಬ್ಯುನಲ್ಲೇ ಹೇಳಬೇಕು ಎಂದು ಮುದಕಪ್ಪ–ರುದ್ರಪ್ಪ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಟ್ರಿಬ್ಯುನಲ್‌ಗೆ ಪಾಲು ಮಾಡಿಕೊಡುವ ಅಧಿಕಾರವಿಲ್ಲವಾದ್ದರಿಂದ ಪಾಲಿನ ದಾವೆ ಸಿವಿಲ್ ನ್ಯಾಯಾಲಯದಲ್ಲಿ ನಡೆಯಬಲ್ಲದು ಎಂದು ಬಾಲವ್ವ–ಹಸನಾಬಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಎರಡೂ ಕರ್ನಾಟಕದಿಂದಲೇ ಹೋದ ಪ್ರಕರಣಗಳು. ಒಂದನ್ನು ಅಣ್ಣನ ಕಡೆಯ ವಕೀಲರು, ಇನ್ನೊಂದನ್ನು ತಮ್ಮಂದಿರ ಕಡೆಯವರು ಹಿಡಿದು ವಾದಿಸುವುದನ್ನು ತಪ್ಪೆನ್ನಲಾಗದು. ಆದರೆ ಈ ಎಳೆದಾಟದ ಖರ್ಚು ಬೀಳುವುದು ಎಕರೆಗಿಂತ ಕಡಿಮೆ ಗದ್ದೆಯುಳ್ಳವರ ಮೇಲೆ. ಮೇಲ್ಮನವಿ ಹೈಕೋರ್ಟಿಗೆ ಹೋದರೆ 2008ರಿಂದ ಬೆಂಗಳೂರಿನ ಬದಲು ಧಾರವಾಡಕ್ಕೆ ಹೋದರಾಯಿತು ಎಂಬುದಷ್ಟೇ ಸಮಾಧಾನ.

ಹೆಣ್ಣುಮಕ್ಕಳ ಹಕ್ಕು ಈ ಲೆಕ್ಕವನ್ನು ಇನ್ನೊಮ್ಮೆ ಬದಲಿಸಿತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಬಂದ 1994ರ ರಾಜ್ಯ ತಿದ್ದುಪಡಿ ಮಗಳಿಗೂ ಪಾಲು ಕೊಟ್ಟಿತಾದರೂ ಆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ಅಳಿಸಿತು. ಬೆಳಗಾವಿಯಲ್ಲಿ ಹೂಡಿದ ದಾವೆಯಿಂದ ಬೆಳೆದ ಫೂಲಾವತಿ ಪ್ರಕರಣದಲ್ಲಿ, 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರೆ ಮಾತ್ರ ಹೊಸ ಹಕ್ಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು; 2020ರ ವಿನೀತಾ ಶರ್ಮಾ ತೀರ್ಪು ಆ ಷರತ್ತನ್ನು ತೆಗೆದುಹಾಕಿತು. ಗೇಣಿ ಕುಟುಂಬದ್ದೆಂದಾದರೆ ಅಕ್ಕತಂಗಿಯರಿಗೂ ಪಾಲುಂಟು, ಅಣ್ಣನ ಸ್ವಂತದ್ದೆಂದಾದರೆ ಇಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದಲೋ ಡಿಕ್ರಿಯಿಂದಲೋ ಆದ ಪಾಲನ್ನು ಕೆದಕುವಂತಿಲ್ಲ. ಬಾಯಿಮಾತಿನ ವಾಟ್ನಿಗೆ (ಪಾಲಿಗೆ) ಆ ರಕ್ಷಣೆ ಸುಲಭವಾಗಿ ಸಿಗುವುದಿಲ್ಲ.

ಹೀಗಾಗಿ ದಾವೆಯ ತೂಕ ಹಳೆಯ ಕಡತದ ಮೇಲೆ ಬೀಳುತ್ತದೆ. ಟ್ರಿಬ್ಯುನಲ್ ಆದೇಶದ ಪ್ರತಿಯೊಂದನ್ನೇ ತರುವವರು ಹೆಚ್ಚು; ಅದರಲ್ಲಿ ಸರ್ವೆ ನಂಬರು, ಕ್ಷೇತ್ರ, ಅರ್ಜಿದಾರನ ಹೆಸರಿಗಿಂತ ಹೆಚ್ಚೇನೂ ಸಿಗದಿರಬಹುದು. ಫಾರ್ಮ್ ನಂಬರ್ 7ರ ಮೂಲ ಅರ್ಜಿ, ತಂದೆಯ ಕಾಲದ ಗೇಣಿ ಚೀಟಿ, 1974ಕ್ಕಿಂತ ಹಿಂದಿನ ಪಹಣಿ, ವಿಚಾರಣೆಯಲ್ಲಿ ಅಣ್ಣ ‘ನಾವು’ ಎಂದನೋ ‘ನಾನು’ ಎಂದನೋ ತೋರಿಸುವ ಹೇಳಿಕೆ, ಇವೆಲ್ಲ ಇರುವುದು ಇಡೀ ಕಡತದಲ್ಲಿ. ದೃಢೀಕೃತ ನಕಲಿಗೆ ಅರ್ಜಿ ಕೊಡುವಾಗ ಕೇಳಬೇಕಾದದ್ದೂ ಅದನ್ನೇ.