ಪಂಪ್ ಟೈಮಿಂಗ್: ಕಿವಿ ನಂಬಬೇಡಿ, ಡೀಸೆಲ್ ಹನಿ ನೋಡಿ

ಓದುಗರ ಪ್ರಶ್ನೆ: ನಮ್ಮದು ಹಳೇ ಆರು ಸಿಲಿಂಡರ್ ಲಾರಿ. ಹಾಸನದಲ್ಲಿ ಡೀಸೆಲ್ ಪಂಪ್ ರಿಪೇರಿ ಮಾಡಿಸಿ, ಸಕಲೇಶಪುರದಲ್ಲಿ ಕೂರಿಸಿದೆವು. ಈಗ ಬಿಳಿ ಹೊಗೆ ಜಾಸ್ತಿ. ಲೋಡ್ ಹಾಕಿಕೊಂಡು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಎಳೆಯುವುದೇ ಇಲ್ಲ. ಸದ್ದು ಕೇಳಿಕೊಂಡು ಪಂಪ್ ತಿರುಗಿಸಿ ಟೈಮಿಂಗ್ ಸರಿ ಮಾಡಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. ಟೈಮಿಂಗ್ ಅಂದರೆ ಪಂಪ್ ಯಾವ ಕ್ಷಣಕ್ಕೆ ಡೀಸೆಲ್ ಒತ್ತುತ್ತದೆ ಅನ್ನುವುದು. ಸದ್ದು ನಂಬಿ ಹೊರಟರೆ ಕೈ ಅಡ್ವಾನ್ಸ್ (ಡೀಸೆಲ್ ಬೇಗ ಬೀಳುವ) ಕಡೆಗೇ ಹೋಗುತ್ತದೆ. ಅಡ್ವಾನ್ಸ್ ಆದ ಇಂಜಿನ್ ಟಕಟಕ ಅಂತ ಚುರುಕಾಗಿ ಕೇಳುತ್ತದೆ, ಖಾಲಿ ಲಾರಿಯಲ್ಲಿ ಪಿಕಪ್ ಬಂದ ಹಾಗೂ ಅನಿಸುತ್ತದೆ. ಲೋಡ್ ಬಿದ್ದಾಗ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಡೀಸೆಲ್ ಉರಿದು ಒತ್ತಡ ವಿಪರೀತ ಏರುತ್ತದೆ. ಪಿಸ್ಟನ್, ಬೇರಿಂಗ್, ಹೆಡ್ ಗ್ಯಾಸ್ಕೆಟ್ ಎಲ್ಲಕ್ಕೂ ಪೆಟ್ಟು. ನಿಮ್ಮ ಲಕ್ಷಣ ಇದರ ಉಲ್ಟಾ, ಟೈಮಿಂಗ್ ಲೇಟ್ ಆಗಿರುವಂತಿದೆ. ಪಿಸ್ಟನ್ ಕೆಳಗಿಳಿಯುವಾಗ ಡೀಸೆಲ್ ಉರಿದರೆ ಶಕ್ತಿ ಸಿಗುವುದಿಲ್ಲ, ಬಿಸಿ ಸೈಲೆನ್ಸರ್ ಕಡೆ ಹೋಗುತ್ತದೆ.

ಆದರೂ ಮೊದಲು ಲೈನಿನ ಏರ್ ತೆಗೆದು, ಫಿಲ್ಟರ್ ಮತ್ತು ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ನೋಡಿ. ಮಲೆನಾಡಿನ ಚಳಿ ಬೆಳಿಗ್ಗೆ ಕಂಪ್ರೆಷನ್ ಕಮ್ಮಿ ಇರುವ ಇಂಜಿನ್ ಕೂಡ ಬಿಳಿ ಹೊಗೆ ಬಿಡುತ್ತದೆ. ಬಿಸಿಯಾದ ಮೇಲೂ ಹೊಗೆ ನಿಲ್ಲದಿದ್ದರೆ ಟೈಮಿಂಗ್ ನೋಡಲೇಬೇಕು.

ನಮ್ಮ ಕಡೆ ಈಗಲೂ 'ಮೈಕೋ ಪಂಪ್' ಅಂತಲೇ ಕರೆಯುವ ಉದ್ದನೆ ಇನ್‌ಲೈನ್ ಪಂಪಿನಲ್ಲಿ ಡೀಸೆಲ್ ಹನಿ ನೋಡಿ ಟೈಮಿಂಗ್ ಹಿಡಿಯುವುದು ಸುಲಭ. ರೋಟರಿ ಪಂಪಿಗೆ ಈ ವಿಧಾನ ಬೇಡ. ಗಾಡಿ ನ್ಯೂಟ್ರಲ್‌ಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಮೇಲೆ ಬರಬೇಕು. ಗುರುತು ಹೇಗೆ ಅಂದರೆ, ಆಗ ಆರನೇ ಸಿಲಿಂಡರಿನ ಎರಡೂ ವಾಲ್ವ್ ಅಲುಗುತ್ತಿರುತ್ತವೆ. ಇದನ್ನು ನೋಡದೆ ಬರೀ ಫ್ಲೈವೀಲ್ ಗುರುತು ನಂಬಿದರೆ ಇಂಜಿನ್ ಪೂರಾ ಒಂದು ಸುತ್ತು ತಪ್ಪಬಹುದು.

ಈಗ ಪಂಪಿನ ಸುತ್ತ ಚೆನ್ನಾಗಿ ಒರೆಸಿ. ಒಂದನೇ ಡೆಲಿವರಿ ವಾಲ್ವ್ ಹೋಲ್ಡರ್ (ಪಂಪಿನ ಮೇಲೆ ನಾಜಲ್ ಪೈಪ್ ಕೂರುವ ಭಾಗ) ಬಿಚ್ಚಿ, ಒಳಗಿನ ವಾಲ್ವ್ ಮತ್ತು ಸ್ಪ್ರಿಂಗ್ ತೆಗೆದು ಶುದ್ಧ ಡೀಸೆಲ್‌ನಲ್ಲಿಡಿ. ಹೋಲ್ಡರ್ ಮತ್ತೆ ಹಾಕಿ, ಬಾಗಿದ ಸಣ್ಣ ಪೈಪ್ ಜೋಡಿಸಿ. ಸ್ಟಾಪ್ ಲಿವರ್ ಬಿಟ್ಟಿರಲಿ, ಆಕ್ಸಿಲರೇಟರ್ ಫುಲ್ ಇರಲಿ. ಇಂಜಿನ್ನನ್ನು ಗುರುತಿಗಿಂತ ಸಾಕಷ್ಟು ಹಿಂದಕ್ಕೆ ತಿರುಗಿಸಿಕೊಳ್ಳಿ. ಒಬ್ಬರು ಹ್ಯಾಂಡ್ ಪ್ರೈಮರ್ ಒತ್ತುತ್ತಿರಲಿ, ಪೈಪಿನಿಂದ ಡೀಸೆಲ್ ಧಾರೆ ಬರುತ್ತದೆ. ಇನ್ನೊಬ್ಬರು ಇಂಜಿನ್ ಓಡುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಲಿ. ಧಾರೆ ಸಣ್ಣಗಾಗಿ ಹನಿಯಾದ ಕ್ಷಣ ನಿಲ್ಲಿಸಿ. ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರ್ ದಾರಿ ಮುಚ್ಚಿ ಡೀಸೆಲ್ ಒತ್ತಲು ಶುರು ಮಾಡುವುದು ಅಲ್ಲೇ. ಆಗ ಫ್ಲೈವೀಲ್ ಅಥವಾ ಪುಲ್ಲಿ ಮೇಲೆ ಎಷ್ಟು ಡಿಗ್ರಿ ಇದೆ ನೋಡಿ. ಎಷ್ಟಿರಬೇಕು ಅನ್ನುವುದನ್ನು ನಿಮ್ಮದೇ ಇಂಜಿನಿನ ಮ್ಯಾನುಯಲ್‌ನಿಂದ ತೆಗೆದುಕೊಳ್ಳಿ, ಪಕ್ಕದ ಲಾರಿಯದ್ದು ನಡೆಯಲ್ಲ.

ಹನಿಯಾಗುವ ಕ್ಷಣ ದಾಟಿಬಿಟ್ಟರೆ ಅಲ್ಲಿಂದಲೇ ಸ್ವಲ್ಪ ಹಿಂದಕ್ಕೆ ತಂದು ಲೆಕ್ಕ ಹಿಡಿಯಬೇಡಿ. ಗೇರುಗಳ ನಡುವಿನ ಸಡಿಲದಿಂದ ಲೆಕ್ಕ ತಪ್ಪುತ್ತದೆ. ಮತ್ತೆ ದೂರ ಹಿಂದೆ ಹೋಗಿ, ಮುಂದಕ್ಕೇ ಬನ್ನಿ.

ಹನಿ ಮ್ಯಾನುಯಲ್ ಹೇಳಿದ ಡಿಗ್ರಿ ಗುರುತಿನ ನಂತರ ಬಂದರೆ ಲೇಟ್. ಪಂಪನ್ನು ಇಂಜಿನ್‌ಗೆ ಹಿಡಿದಿರುವ ಫ್ಲೇಂಜ್ ಬೋಲ್ಟ್ ಸಡಿಲಿಸಿ, ಪಂಪ್ ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ಪಂಪ್ ಬಾಡಿ ತಿರುಗಿಸಿದರೆ ಅಡ್ವಾನ್ಸ್ ಆಗುತ್ತದೆ. ಕಪ್ಲಿಂಗ್ (ಶಾಫ್ಟ್ ಜೋಡಿಸುವ ತುಂಡು) ಇರುವ ಪಂಪಾದರೆ ಬಾಡಿ ಅಲ್ಲ, ಶಾಫ್ಟನ್ನೇ ಅದು ತಿರುಗುವ ದಿಕ್ಕಿಗೆ ಸರಿಸಬೇಕು. ಇಂಜಿನ್ 2 ಸುತ್ತು ಹಾಕಿದರೆ ಪಂಪ್ 1 ಸುತ್ತು, ಅಲ್ವಾ? ಪಂಪಿನಲ್ಲಿ 1 ಡಿಗ್ರಿ ಅಂದರೆ ಇಂಜಿನ್‌ನಲ್ಲಿ 2 ಡಿಗ್ರಿ. ಕೂದಲಷ್ಟು ಸರಿಸಿ, ಮತ್ತೆ ಹನಿ ನೋಡಿ.

ಕೊನೆಗೆ ವಾಲ್ವ್, ಸ್ಪ್ರಿಂಗ್ ಹಾಕಿ ಹೋಲ್ಡರ್ ಬಿಗಿಯುವಾಗ ಟಾರ್ಕ್ ರೆಂಚ್ ಬಳಸಿ. ಅತಿಯಾಗಿ ಬಿಗಿದರೆ ಪ್ಲಂಜರ್ ಹಿಡಿದು ರ‍್ಯಾಕ್ (ಡೀಸೆಲ್ ಅಳತೆ ಹೆಚ್ಚು ಕಮ್ಮಿ ಮಾಡುವ ಕಡ್ಡಿ) ಸಿಕ್ಕಿಕೊಳ್ಳಬಹುದು. ಆಗ ಇಂಜಿನ್ ತಡೆಯಿಲ್ಲದೆ ಓಡುತ್ತದೆ, ಜೀವಕ್ಕೇ ಅಪಾಯ. ಸ್ಟಾರ್ಟ್ ಮಾಡುವ ಮುಂಚೆ ರ‍್ಯಾಕ್ ಸಲೀಸಾಗಿ ಆಡುತ್ತದಾ, ಸ್ಟಾಪ್ ಕೇಬಲ್ ಕೆಲಸ ಮಾಡುತ್ತದಾ ನೋಡಿಯೇ ನೋಡಿ.

ಇಷ್ಟೆಲ್ಲ ಸರಿಯಿದ್ದೂ ಘಾಟಿಯಲ್ಲಿ ಎಳೆಯದಿದ್ದರೆ ಡೀಸೆಲ್ ಅಳತೆಯಲ್ಲೇ ತೊಂದರೆ ಇರಬಹುದು. ಅದು ಟೆಸ್ಟ್ ಬೆಂಚ್ (ಪಂಪ್ ಓಡಿಸಿ ಅಳೆಯುವ ಯಂತ್ರ) ಮೇಲೆ ಆಗುವ ಕೆಲಸ. ಪಂಪ್ ಇಳಿಸಿ, ರಿಪೇರಿ ಮಾಡಿದವರ ಹತ್ತಿರವೇ ಮತ್ತೆ ತೆಗೆದುಕೊಂಡು ಹೋಗಿ.