ಕೀ ಇಶ್ಯೂ ಅಂದರೆ ಏನು?

ಕಾಮಿಕ್ಸ್ ಪ್ರಿಯರ ಮೇಳವಾದ ಮುಂಬೈ ಕಾಮಿಕ್ ಕಾನ್‌ನಲ್ಲಿ ಹಳೆಯ ಕಾಮಿಕ್ಸ್ ಮಾರುವವರ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: 'ಯೆ ಕೀ ಇಶ್ಯೂ ಹೈ'. ಅಕ್ಕಪಕ್ಕದ ಸಂಚಿಕೆಗಳನ್ನು ರಾಶಿ ಹಾಕಿರುತ್ತಾರೆ. ಇದನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಬಾಗದಂತೆ ಹಿಂದೆ ರಟ್ಟು ಕೊಟ್ಟಿರುತ್ತಾರೆ. ಬೆಲೆಯೂ ಬೇರೆಯೇ.

ಒಂದು ಸರಣಿಯಲ್ಲಿ ಏನೋ ಶುರುವಾದ ಅಥವಾ ಬದಲಾದ ಸಂಚಿಕೆಯೇ ಕೀ ಇಶ್ಯೂ. ಸರಣಿಯ ಮೊದಲ ಸಂಚಿಕೆ, ನಾಯಕ ಮೊದಲು ಕಾಣಿಸಿಕೊಂಡದ್ದು, ಮುಖ್ಯ ಪಾತ್ರವೊಂದು ಸತ್ತದ್ದು, ಹೀಗೆ. ಸುಮ್ನೆ ಹಳೆಯದಾದರೆ ಸಾಲದು. ಮೊದಲನೇ ನಂಬರೇ ಆಗಿರಬೇಕು ಅಂತಲೂ ಇಲ್ಲ. ಅಮೆರಿಕದ 'ಅಮೇಜಿಂಗ್ ಫ್ಯಾಂಟಸಿ' 15ನೇ ಸಂಚಿಕೆ ಆ ಪತ್ರಿಕೆಯ ಕೊನೆಯ ಸಂಚಿಕೆ. 1962ರಲ್ಲಿ ಬಂತು, ಬೆಲೆ 12 ಸೆಂಟ್. ಸ್ಪೈಡರ್‌ಮ್ಯಾನ್ ಮೊದಲು ಬಂದದ್ದು ಅದರಲ್ಲಿ. ಹಾಗಾಗಿ ಇವತ್ತು ಅದರ ಒಳ್ಳೆಯ ಸ್ಥಿತಿಯ ಪ್ರತಿಗೆ ಕೋಟಿಗಳಲ್ಲಿ ಬೆಲೆ.

ನಮ್ಮಲ್ಲಿ ಇಂದ್ರಜಾಲ್ ಕಾಮಿಕ್ಸ್ ನೋಡಿ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರ ಮಾರ್ಚ್‌ನಲ್ಲಿ ಮುಂಬೈಯಿಂದಲೇ ಶುರು ಮಾಡಿತು. ಮುಖವಾಡದ ನಾಯಕ ಫ್ಯಾಂಟಮ್ ಇದ್ದ ಆ ಮೊದಲ ಸಂಚಿಕೆ ಕೀ. 1976ರಲ್ಲಿ ಆಬಿದ್ ಸುರತಿಯವರು ಸೃಷ್ಟಿಸಿದ ನಾಯಕ ಬಹಾದ್ದೂರ್ ಮೊದಲು ಬಂದ ಸಂಚಿಕೆಯೂ ಕೀ. ನಡುವಿನ ನೂರಾರು ಸಂಚಿಕೆಗಳು ಓದಲು ಚಂದ, ಆದರೆ ಕೀ ಅಲ್ಲ.

ಕನ್ನಡದವರಿಗೆ ಹತ್ತಿರದ ಉದಾಹರಣೆ ಅಮರ ಚಿತ್ರ ಕಥೆ. ಅದನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು, ದುಡಿದದ್ದು ಮುಂಬೈಯಲ್ಲಿ. ಇಂಗ್ಲಿಷಿನಲ್ಲಿ ಅದರ ಲೆಕ್ಕ ಶುರುವಾಗುವುದು 11ರಿಂದ, 'ಕೃಷ್ಣ'ದಿಂದ. ಹಾಗಾದರೆ ಮೊದಲ ಹತ್ತು ಎಲ್ಲಿ? ಅವು ಬಂದದ್ದು ಕನ್ನಡದಲ್ಲಿ! ಸಿಂಡ್ರೆಲಾದಂಥ ಪರದೇಶದ ಕಥೆಗಳು ಅವು. ಇಡೀ ದೇಶ ಓದಿದ ಸರಣಿಯ ಬೇರು ನಮ್ಮ ಭಾಷೆಯಲ್ಲಿದೆ ಅಂತ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆ ಹತ್ತರಲ್ಲಿ ಒಂದು ಸಿಕ್ಕರೂ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೀ ಇಲ್ಲ.

ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. 'ಕೃಷ್ಣ' ಎಷ್ಟೋ ಸಲ ಮರುಮುದ್ರಣವಾಗಿದೆ. ಮುಖಪುಟದ ನಂಬರ್ ನೋಡಿ. 501 ಅಂತಿದ್ದರೆ ಅದು ಆಮೇಲಿನ ಮುದ್ರಣ, ಮೊದಲಿನದಕ್ಕೆ 11. 11 ಇದ್ದರೂ ಹಿಂಬದಿಯ ಪಟ್ಟಿ ಓದಿ. ಆಮೇಲೆ ಬಂದ ಕಥೆಗಳ ಹೆಸರು ಅದರಲ್ಲಿದ್ದರೆ ಮೊದಲ ಮುದ್ರಣ ಆಗಲಾರದು, ಅಲ್ವಾ?

ಕೀ ಆಗಿದ್ದರೂ ಪುಸ್ತಕದ ಸ್ಥಿತಿ ಸರಿ ಇರಬೇಕು. ಮುಂಬೈ ಮಳೆಗಾಲದ ತೇವಕ್ಕೆ ಪಿನ್ ತುಕ್ಕು ಹಿಡಿಯುತ್ತದೆ, ಹಾಳೆಗೆ ಕಂದು ಚುಕ್ಕೆ ಬೀಳುತ್ತದೆ. ಬಾಡಿಗೆ ಲೈಬ್ರರಿಯ ಸೀಲು, ಬಾಲ್‌ಪೆನ್ನಿನಲ್ಲಿ ಬರೆದ ಹೆಸರು, ತುಂಬಿಸಿದ ಪದಬಂಧ, ಎಲ್ಲವೂ ಬೆಲೆ ಇಳಿಸುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಬೈಂಡಿಂಗ್. ನಮ್ಮಮ್ಮ ಮಾಟುಂಗಾದಲ್ಲಿ ನನ್ನ ಕಾಮಿಕ್ಸನ್ನೆಲ್ಲ ಒಟ್ಟಿಗೆ ಬೈಂಡ್ ಮಾಡಿಸಿದ್ದರು, ಪ್ರೀತಿಯಿಂದಲೇ. ಬೈಂಡರ್ ಮೂರೂ ಕಡೆ ಅಂಚು ಕತ್ತರಿಸಿದ್ದ. ಅಂಚು ಕತ್ತರಿಸಿದ ಪ್ರತಿಯನ್ನು ಸಂಗ್ರಹಕಾರರು ಹೆಚ್ಚು ಬೆಲೆಗೆ ಕೊಳ್ಳುವುದಿಲ್ಲ.

ಕಿಂಗ್ಸ್ ಸರ್ಕಲ್‌ನ ಫುಟ್‌ಪಾತಿನ ಹಳೇ ಪುಸ್ತಕದವರಲ್ಲಿ ಇಂಥ ಬೈಂಡ್ ಪುಸ್ತಕ ಕಂಡರೆ ನಾನು ಈಗಲೂ ತೆರೆದು ನೋಡುತ್ತೇನೆ. ನಿಮ್ಮ ಅಟ್ಟದ ಮೇಲೂ ಒಂದಿದ್ದರೆ, ರದ್ದಿವಾಲಾನಿಗೆ ತೂಕಕ್ಕೆ ಹಾಕುವ ಮೊದಲು ಒಂದೊಂದೇ ಸಂಚಿಕೆಯ ನಂಬರ್ ಓದಿ. ಹೊಲಿಗೆ ಮಾತ್ರ ನೀವೇ ಬಿಚ್ಚಲು ಹೋಗಬೇಡಿ. ಹಳೇ ಕಾಗದ ಬೆನ್ನಿನ ಹತ್ತಿರವೇ ಹರಿಯುತ್ತದೆ.